ಉತ್ತರ ರೋನ್ ಸಿರಾ: ಐದು ವಲಯದ ವೈನ್ ಪಕ್ಕಪಕ್ಕ ಇಟ್ಟು ರುಚಿ ನೋಡುವುದು ಹೇಗೆ

ಫ್ರಾನ್ಸಿನ ಲಿಯೋಂ ನಗರದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ವಿಯೆನ್ ಎಂಬ ಊರಿದೆ. ಅಲ್ಲಿಂದ ವಲಾನ್ಸ್‌ವರೆಗೆ ರೋನ್ ನದಿಯ ಎರಡೂ ಬದಿಗೆ ಕಡಿದಾದ ಗುಡ್ಡಗಳು, ಗುಡ್ಡದ ಮೈತುಂಬ ದ್ರಾಕ್ಷಿ. ಇದೇ ಉತ್ತರ ರೋನ್. ಇಲ್ಲಿನ ಕೆಂಪು ದ್ರಾಕ್ಷಿಯಾದ ಸಿರಾ ಪರ್ಷಿಯಾದ ಶಿರಾಜ್ ನಗರದಿಂದ ಬಂತು ಎಂಬ ಕಥೆ ಬಹಳ ಕಾಲ ಓಡಾಡಿತ್ತು. 1990ರ ದಶಕದ ಕೊನೆಯಲ್ಲಿ ಡಿಎನ್‌ಎ ಪರೀಕ್ಷೆ ಆ ಕಥೆಯನ್ನು ಮುಗಿಸಿತು. ಸಿರಾದ ತಂದೆತಾಯಿ ದ್ಯುರೇಜಾ ಮತ್ತು ಮೋಂದ್ಯೂಜ್ ಬ್ಲಾಂಶ್. ಎರಡೂ ಆಗ್ನೇಯ ಫ್ರಾನ್ಸಿನ ತಳಿಗಳೇ.

ರುಚಿ ನೋಡುವುದನ್ನು ಕಲಿಯಲು ಈ ಜಾಗ ಯಾಕೆ ಚೆನ್ನ? ಇಲ್ಲಿ ಕೆಂಪು ವೈನಿಗೆ ಕಾನೂನು ಗಡಿ ಹಾಕಿದ ಐದು ವಲಯಗಳಿವೆ: ಕೋತ್-ರೋತಿ, ಸ್ಯಾಂ-ಜೋಸೆಫ್, ಕ್ರೋಜ್-ಎರ್ಮಿತಾಜ್, ಎರ್ಮಿತಾಜ್, ಕೊರ್ನಾಸ್. ಐದರಲ್ಲೂ ಕಾನೂನು ಒಪ್ಪುವ ಕೆಂಪು ದ್ರಾಕ್ಷಿ ಸಿರಾ ಒಂದೇ. ಹಾಗಾಗಿ ಎರಡು ಗ್ಲಾಸಿನ ನಡುವೆ ವ್ಯತ್ಯಾಸ ಕಂಡರೆ ಅದು ಮೂರೇ ಕಡೆಯಿಂದ ಬಂದಿರಬೇಕು. ಗುಡ್ಡ, ವರ್ಷ, ಇಲ್ಲವೇ ವೈನ್ ಮಾಡಿದವರ ಕೈ. ಈ ಮೂರನ್ನು ಬಿಡಿಸಿ ನೋಡುವುದೇ ನಮ್ಮ ಕೆಲಸ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ವಾಸನೆಗೆ ಹೆಸರು ಹುಡುಕುವುದರಲ್ಲಿ ಸುಸ್ತಾಗುತ್ತಾರೆ. ವಯಲೆಟ್ ಹೂವು, ಆಲಿವ್, ಹೊಗೆ ಹಾಕಿದ ಮಾಂಸ, ಕಾಳುಮೆಣಸು, ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಆದರೆ ಈ ಸೀಮೆಯಲ್ಲಿ ವಾಸನೆ ಜಾಸ್ತಿ ಹೇಳುವುದು ವರ್ಷದ ಬಗ್ಗೆ, ವೈನ್ ಮಾಡಿದವರ ಬಗ್ಗೆ. ಗುಡ್ಡದ ಗುರುತು ಸಿಗುವುದು ಬಾಯಲ್ಲಿ. ಮುಖ್ಯವಾಗಿ ಒಗರಿನಲ್ಲಿ. ಮುಂದಿನ ಹಂತಗಳನ್ನೆಲ್ಲ ಈ ನಂಬಿಕೆಯ ಮೇಲೆಯೇ ಜೋಡಿಸಿದ್ದೇನೆ.

ಹಂತ 1: ಬಾಟಲಿಗಿಂತ ಮೊದಲು ನಕ್ಷೆ ನೋಡಿ

ನದಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಪಶ್ಚಿಮ ದಡ ಎಂದರೆ ನದಿಯ ಬಲದಂಡೆ. ಕೋತ್-ರೋತಿ, ಸ್ಯಾಂ-ಜೋಸೆಫ್, ಕೊರ್ನಾಸ್ ಮೂರೂ ಅಲ್ಲಿವೆ. ಎರ್ಮಿತಾಜ್ ಮತ್ತು ಕ್ರೋಜ್-ಎರ್ಮಿತಾಜ್ ಪೂರ್ವ ದಡದಲ್ಲಿವೆ.

ಎಲ್ಲಕ್ಕಿಂತ ಉತ್ತರದಲ್ಲಿರುವುದು ಕೋತ್-ರೋತಿ, ಆಂಪ್ವಿ ಊರಿನ ಸುತ್ತ. ಕೆಲವು ಕಡೆ ಶೇ 60ರಷ್ಟು ಇಳಿಜಾರು. ಕಲ್ಲಿನ ಗೋಡೆ ಕಟ್ಟಿ ಮೆಟ್ಟಿಲು ಮಾಡಿ, ಒಂದೊಂದು ಬಳ್ಳಿಯನ್ನೂ ಮರದ ಗೂಟಕ್ಕೆ ಕಟ್ಟಿ ಬೆಳೆಸುತ್ತಾರೆ. ಯಂತ್ರ ಹತ್ತುವ ಜಾಗವೇ ಅಲ್ಲ. ಉತ್ತರ ಭಾಗದ ಕೋತ್ ಬ್ರೂನ್‌ನಲ್ಲಿ ಕಬ್ಬಿಣದ ಅಂಶವಿರುವ, ಕಾಗೆಬಂಗಾರ ಮಿನುಗುವ, ಪದರ ಪದರವಾದ ಶಿಸ್ಟ್ ಕಲ್ಲು. ದಕ್ಷಿಣದ ಕೋತ್ ಬ್ಲೋಂದ್‌ನಲ್ಲಿ ತಿಳಿ ಬಣ್ಣದ, ಮರಳು ಮರಳಾದ ಮಣ್ಣು. ಒಬ್ಬ ಜಮೀನುದಾರನಿಗೆ ಕಂದು ಕೂದಲಿನ ಒಬ್ಬಳು, ಹೊಂಬಣ್ಣದ ಕೂದಲಿನ ಒಬ್ಬಳು ಮಗಳಿದ್ದರು, ಅವರಿಂದಲೇ ಈ ಹೆಸರುಗಳು ಬಂದವು ಎಂದು ಅಲ್ಲಿ ಕಥೆ ಹೇಳುತ್ತಾರೆ. ಕಥೆ ಬಿಡಿ, ಮಣ್ಣಿನ ವ್ಯತ್ಯಾಸ ಮಾತ್ರ ನಿಜ. ಇಲ್ಲಿ ಇನ್ನೊಂದು ವಿಶೇಷ ಉಂಟು. ಸಿರಾ ಜೊತೆ ವಿಯೋನಿಯೇ ಎಂಬ ಬಿಳಿ ದ್ರಾಕ್ಷಿಯನ್ನು ಶೇ 20ರವರೆಗೆ ಸೇರಿಸಬಹುದು. ವೈನ್ ಆದ ಮೇಲೆ ಬೆರೆಸುವಂತಿಲ್ಲ, ಎರಡನ್ನೂ ಒಟ್ಟಿಗೇ ಹುಳಿಯಲು ಬಿಡಬೇಕು. ಅಷ್ಟೊಂದು ಯಾರೂ ಹಾಕುವುದಿಲ್ಲ. ಬಹಳ ಮಂದಿ ಸ್ವಲ್ಪವೇ ಹಾಕುತ್ತಾರೆ, ಕೆಲವರು ಹಾಕುವುದೇ ಇಲ್ಲ.

ಎರ್ಮಿತಾಜ್ ಎಂದರೆ ಒಂದೇ ಗುಡ್ಡ. ಟ್ಯಾಂ-ಲೆರ್ಮಿತಾಜ್ ಊರಿನ ನೆತ್ತಿಯ ಮೇಲೆ, ದಕ್ಷಿಣಕ್ಕೆ ಮುಖ ಮಾಡಿ ನಿಂತಿದೆ. ಇಡೀ ವಲಯ ಸುಮಾರು 140 ಹೆಕ್ಟೇರ್. ಆದರೆ ಅಷ್ಟರಲ್ಲೇ ಮಣ್ಣು ಮೂರು ನಾಲ್ಕು ಬಗೆ. ಪಶ್ಚಿಮ ತುದಿಯ ಬೆಸ್ಸಾರ್ ಎಂಬ ತೋಟದ ತುಂಡಿನಲ್ಲಿ ಗ್ರಾನೈಟ್. ಅದರ ಪಕ್ಕದ ಮೆಯಾಲ್‌ನಲ್ಲಿ ಹಳೆಯ ನದಿ ಬಿಟ್ಟುಹೋದ ಉರುಟು ಕಲ್ಲು. ಇನ್ನೂ ಪೂರ್ವಕ್ಕೆ ಹೋದರೆ ಸುಣ್ಣದಂಶ, ಜೇಡಿ. ಬೆಸ್ಸಾರ್ ವೈನಿಗೆ ಬೆನ್ನೆಲುಬು ಕೊಡುತ್ತದೆ, ಮೆಯಾಲ್ ಮೈ ತುಂಬುತ್ತದೆ ಎನ್ನುವುದು ಅಲ್ಲಿನವರ ಮಾತು. 1481ರಿಂದ ಈ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುತ್ತಿರುವ ಶಾವ್ ಮನೆತನದವರು ಹಲವು ತುಂಡುಗಳ ವೈನನ್ನು ಬೇರೆ ಬೇರೆ ಮಾಡಿ ಕೊನೆಗೆ ಒಂದಾಗಿ ಸೇರಿಸುತ್ತಾರೆ. ಶಾಪೂಟಿಯೇ ಸಂಸ್ಥೆ ಹಲವು ತುಂಡುಗಳನ್ನು ಬೇರೆ ಬೇರೆ ಬಾಟಲಿಯಲ್ಲೇ ತುಂಬುತ್ತದೆ. ಒಂದೇ ಗುಡ್ಡದ ಬಗ್ಗೆ ಎರಡು ನಂಬಿಕೆ, ಎರಡಕ್ಕೂ ಒಳ್ಳೆಯ ಸಾಕ್ಷಿಗಳಿವೆ. ಒಂದು ಕಾಲದಲ್ಲಿ ಬೋರ್ಡೋ ವ್ಯಾಪಾರಿಗಳು ತಮ್ಮ ತೆಳು ವೈನಿಗೆ ಬಲ ಬರಲಿ ಎಂದು ಎರ್ಮಿತಾಜ್ ಬೆರೆಸುತ್ತಿದ್ದರು. ಆ ವೈನಿನ ಬಲ ಎಷ್ಟಿತ್ತು ಎಂದು ಇದರಿಂದಲೇ ಊಹಿಸಬಹುದು.

ಕೊರ್ನಾಸ್ ದಕ್ಷಿಣದ ಕೊನೆಯಲ್ಲಿದೆ. ಸುಮಾರು 150 ಹೆಕ್ಟೇರ್, ಗ್ರಾನೈಟ್ ಗುಡ್ಡ, ಬಟ್ಟಲಿನ ಆಕಾರ. ಉತ್ತರದಿಂದ ಬೀಸುವ ಮಿಸ್ತ್ರಾಲ್ ಗಾಳಿ ಇಲ್ಲಿ ಅಷ್ಟಾಗಿ ನುಗ್ಗುವುದಿಲ್ಲ. ಹಾಗಾಗಿ ಬಿಸಿ ಜಾಸ್ತಿ, ದ್ರಾಕ್ಷಿ ಬೇಗ ಮಾಗುತ್ತದೆ. ಐದರಲ್ಲಿ ಬಿಳಿ ದ್ರಾಕ್ಷಿಯ ಒಂದು ಕಾಳನ್ನೂ ಸೇರಿಸಲು ಬಿಡದ ವಲಯ ಇದೊಂದೇ.

ಸ್ಯಾಂ-ಜೋಸೆಫ್ ವಲಯ ಪಶ್ಚಿಮ ದಡದಲ್ಲಿ ಸುಮಾರು 50 ಕಿಲೋಮೀಟರ್ ಚಾಚಿಕೊಂಡಿದೆ. 1956ರಲ್ಲಿ ಶುರುವಾದಾಗ ಅದರಲ್ಲಿದ್ದದ್ದು ತೂರ್ನೋಂ, ಮೋವ್ ಸುತ್ತಲಿನ 6 ಊರುಗಳು. 1969ರಲ್ಲಿ ಗಡಿಯನ್ನು ಬಹಳ ದೂರಕ್ಕೆ ಎಳೆದರು. ಆದ್ದರಿಂದ ಲೇಬಲ್ ಮೇಲೆ ಸ್ಯಾಂ-ಜೋಸೆಫ್ ಎಂದಿದ್ದ ಮಾತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ತೋಟ ಯಾವ ಊರಲ್ಲಿದೆ ಎಂದು ಕೇಳಲೇಬೇಕು. ಕ್ರೋಜ್-ಎರ್ಮಿತಾಜ್‌ದೂ ಅದೇ ಪಾಡು. 1,700 ಹೆಕ್ಟೇರಿಗೂ ಮಿಕ್ಕಿದ ಇದು ಐದರಲ್ಲಿ ಅತಿ ದೊಡ್ಡದು. ಉತ್ತರದ ಜೆರ್ವಾನ್ ಕಡೆ ಗ್ರಾನೈಟ್ ಗುಡ್ಡ, ದಕ್ಷಿಣದಲ್ಲಿ ಶಾಸಿ ಎಂಬ ಉರುಟುಕಲ್ಲಿನ ಬಯಲು. ಬಯಲಿನ ವೈನ್ ಮೃದು, ಹಣ್ಣು ಹಣ್ಣು. ಗುಡ್ಡದ್ದು ಬಿಗಿ.

ಒಂದು ಮಾತು ನೆನಪಿಡಿ. ಬಳ್ಳಿ ಗ್ರಾನೈಟಿನ ರುಚಿಯನ್ನು ಹೀರಿ ಹಣ್ಣಿಗೆ ತುಂಬುವುದಿಲ್ಲ. ನೀರು ಎಷ್ಟು ಬೇಗ ಬಸಿದುಹೋಗುತ್ತದೆ, ನೆಲ ಎಷ್ಟು ಬಿಸಿ ಹಿಡಿದಿಡುತ್ತದೆ, ಬೇರು ಎಷ್ಟು ಆಳಕ್ಕೆ ಇಳಿಯಬೇಕು, ಮಣ್ಣು ಕೆಲಸ ಮಾಡುವುದು ಈ ದಾರಿಯಲ್ಲಿ. ಕಾಳು ಸಣ್ಣದಾಗುತ್ತದೆ, ಸಿಪ್ಪೆ ದಪ್ಪವಾಗುತ್ತದೆ. ಒಗರು ಬರುವುದು ಸಿಪ್ಪೆಯಿಂದ, ಬೀಜದಿಂದ.

ಹಂತ 2: ಒಂದೇ ಪ್ರಶ್ನೆ ಇಟ್ಟುಕೊಂಡು ಬಾಟಲಿ ಆರಿಸಿ

ಇಡೀ ಕೆಲಸದ ಅರ್ಧ ಭಾಗ ಇಲ್ಲೇ ಇದೆ. ಕೈಗೆ ಸಿಕ್ಕ ಐದು ಬಾಟಲಿ ತಂದು ಸಾಲಾಗಿ ಇಟ್ಟರೆ ಸಂಜೆ ಚೆನ್ನಾಗಿ ಕಳೆಯುತ್ತದೆ, ಕಲಿಕೆ ಆಗುವುದಿಲ್ಲ. ಮೂರು ವಿಷಯಗಳಲ್ಲಿ ಎರಡನ್ನು ಕಟ್ಟಿಹಾಕಿ, ಒಂದನ್ನು ಮಾತ್ರ ಬದಲಾಗಲು ಬಿಡಿ.

ಗುಡ್ಡದ ವ್ಯತ್ಯಾಸ ತಿಳಿಯಬೇಕಾದರೆ ಒಂದೇ ವರ್ಷದ, ಒಬ್ಬರೇ ಮಾಡಿದ ಐದು ವಲಯದ ವೈನ್ ತೆಗೆದುಕೊಳ್ಳಿ. ಶಾಪೂಟಿಯೇ, ಪೌಲ್ ಜಾಬೂಲೇ ಎನೇ, ದೆಲಾಸ್ ಈ ಮೂರೂ ಸಂಸ್ಥೆಗಳು ಐದೂ ವಲಯದ ವೈನ್ ಮಾಡುತ್ತವೆ. ಸಣ್ಣ ರೈತರ ಬಾಟಲಿಯಷ್ಟು ವ್ಯಕ್ತಿತ್ವ ಇವುಗಳಲ್ಲಿ ಇರಲಿಕ್ಕಿಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಇರಲಿ ಬಿಡಿ. ಹೋಲಿಕೆಗೆ ಬೇಕಾದದ್ದು ಅದೇ. ಕೈ ಒಂದೇ ಆದಾಗ ಗುಡ್ಡ ಕಾಣುತ್ತದೆ.

ಕೈಯ ವ್ಯತ್ಯಾಸ ತಿಳಿಯಬೇಕಾದರೆ ಒಂದೇ ವಲಯ, ಒಂದೇ ವರ್ಷ, ಮೂರು ನಾಲ್ಕು ಮಂದಿ ಮಾಡಿದ್ದು. ಇದಕ್ಕೆ ಕೊರ್ನಾಸ್ ಒಳ್ಳೆಯ ಆಯ್ಕೆ. ವಲಯ ಚಿಕ್ಕದು, ಕಲ್ಲು ಹೆಚ್ಚುಕಡಿಮೆ ಒಂದೇ ಬಗೆಯದು, ಬಿಳಿ ದ್ರಾಕ್ಷಿಯ ಗೊಂದಲ ಇಲ್ಲ. ಕ್ಲಾಪ್, ತಿಯೆರಿ ಅಲೆಮಾನ್, ವೋಜ್ ಹೀಗೆ ಮೂವರ ಬಾಟಲಿ ಇಟ್ಟರೆ ಸಾಕು. ದುಬಾರಿ ಅನ್ನಿಸಿದರೆ ಕ್ರೋಜ್-ಎರ್ಮಿತಾಜ್ ಹಿಡಿಯಿರಿ. ಫ್ರಾನ್ಸಿನ ಅಂಗಡಿಗಳಲ್ಲಿ 20 ಯೂರೋ ಆಸುಪಾಸಿಗೆ ಒಳ್ಳೆಯದೇ ಸಿಗುತ್ತದೆ. ಎರ್ಮಿತಾಜ್‌ಗೆ ಅದರ ಮೂರು ನಾಲ್ಕು ಪಟ್ಟು ಕೊಡಬೇಕು, ದೊಡ್ಡ ಹೆಸರಿದ್ದರೆ ಇನ್ನೂ ಜಾಸ್ತಿ.

ವರ್ಷದ ವ್ಯತ್ಯಾಸಕ್ಕೆ ಒಬ್ಬರೇ ಮಾಡಿದ ಒಂದೇ ವೈನಿನ ಬೇರೆ ಬೇರೆ ವರ್ಷ. ಅಂತರ ದೊಡ್ಡದಿರಲಿ. 2018, 2019, 2022 ಬಿಸಿ ವರ್ಷಗಳು. 2021 ತಂಪು. ಆ ವರ್ಷ ಏಪ್ರಿಲ್‌ನಲ್ಲಿ ಮಂಜುಗಟ್ಟುವ ಚಳಿ ಬಿದ್ದು ಚಿಗುರು ಸುಟ್ಟುಹೋಯಿತು, ಬೇಸಿಗೆಯಲ್ಲೂ ಬಿಸಿಲು ಸಾಲಲಿಲ್ಲ. 2019ರ ಪಕ್ಕ 2021 ಇಟ್ಟು ನೋಡಿ. ಮೊದಲ ಸಲ ನೋಡುವವರಿಗೂ ವ್ಯತ್ಯಾಸ ಹೊಡೆದು ಕಾಣುತ್ತದೆ. ಒಂದರಲ್ಲಿ ಮಾಗಿದ ಕಪ್ಪು ಹಣ್ಣು, ಗಂಟಲಲ್ಲಿ ಆಲ್ಕೋಹಾಲಿನ ಬಿಸಿ. ಇನ್ನೊಂದರಲ್ಲಿ ಕೆಂಪು ಹಣ್ಣು, ಕಾಳುಮೆಣಸು, ಚುರುಕಾದ ಹುಳಿ. ಬಹಳ ವಿಮರ್ಶಕರು ಬಿಸಿ ವರ್ಷಕ್ಕೆ ಜಾಸ್ತಿ ಅಂಕ ಕೊಡುತ್ತಾರೆ. ಸಿರಾ ಏನು ಎಂದು ತಿಳಿಯಲು ನನಗೆ ತಂಪು ವರ್ಷವೇ ಇಷ್ಟ.

ವಯಸ್ಸನ್ನೂ ಯೋಚಿಸಿ. ಕ್ರೋಜ್ ಮತ್ತು ಸ್ಯಾಂ-ಜೋಸೆಫ್ ಮೂರನೇ ವರ್ಷಕ್ಕೇ ಕುಡಿಯಲು ತಯಾರು. ಎರ್ಮಿತಾಜ್‌ಗೆ 10 ವರ್ಷ ಕಮ್ಮಿಯೇ. ಒಂದೇ ವರ್ಷದ ಐದನ್ನೂ ಇಡುವಾಗ 6ರಿಂದ 8 ವರ್ಷ ಹಳೆಯದು ಸಿಕ್ಕರೆ ರಾಜಿಗೆ ಅನುಕೂಲ. ಎಳೆಯದೇ ಸಿಕ್ಕರೂ ಪರವಾಗಿಲ್ಲ, ಎಲ್ಲವೂ ಎಳೆಯದೇ ಇರಲಿ.

ಮೊದಲ ಸಲಕ್ಕೆ ಐದು ಬಾಟಲಿಯ ಗಡಿ ದಾಟಬೇಡಿ. ಆಮೇಲಿನವು ನಾಲಿಗೆಗೆ ಒಂದೇ ಥರ ಕಾಣುತ್ತವೆ.

ಹಂತ 3: ಹಿಂದಿನ ದಿನದ ತಯಾರಿ

ಹಳೆಯ ಬಾಟಲಿಗಳನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ. ತಳಕ್ಕೆ ಗಸಿ ಇಳಿಯಲಿ. ಗಸಿ ಗ್ಲಾಸಿಗೆ ಬಂದರೆ ಕಹಿ, ತರಿತರಿ. ಅದನ್ನು ನೀವು ಗುಡ್ಡದ ಗುಣ ಎಂದು ಬರೆದುಕೊಂಡುಬಿಡುತ್ತೀರಿ.

ಬಿಸಿ ಮುಖ್ಯ. ವೈನ್ 15ರಿಂದ 17 ಡಿಗ್ರಿ ಸೆಲ್ಸಿಯಸ್ ಇರಲಿ. ಕೋಣೆಯ ಬಿಸಿ ಅಷ್ಟಕ್ಕಿಂತ ಜಾಸ್ತಿ ಇರುವುದೇ ಹೆಚ್ಚು, ಆದ್ದರಿಂದ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಬಿಸಿಯಾದ ವೈನಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ತೀರಾ ತಣ್ಣಗಾದರೆ ಒಗರು ಗಡುಸಾಗುತ್ತದೆ, ವಾಸನೆ ಮುಚ್ಚಿಕೊಳ್ಳುತ್ತದೆ. ಯಾವ ಬಿಸಿಯಾದರೂ ಸರಿ, ಐದೂ ಬಾಟಲಿ ಒಂದೇ ಬಿಸಿಯಲ್ಲಿರಬೇಕು. ಹೋಲಿಕೆಯಲ್ಲಿ ಇದಕ್ಕಿಂತ ದೊಡ್ಡ ನಿಯಮ ಇಲ್ಲ.

ಗ್ಲಾಸುಗಳೂ ಹಾಗೆಯೇ. ಮೇಲೆ ಕಿರಿದಾಗುವ, ಹೊಟ್ಟೆ ದೊಡ್ಡದಿರುವ ಗ್ಲಾಸು ಒಳ್ಳೆಯದು. ದುಬಾರಿ ಬೇಡ, ಎಲ್ಲವೂ ಒಂದೇ ಜಾತಿ ಇರಲಿ. ತೊಳೆದ ಮೇಲೆ ಸೋಪಿನ ವಾಸನೆ, ಬಟ್ಟೆಯ ವಾಸನೆ ಉಳಿದಿದೆಯಾ ಎಂದು ಖಾಲಿ ಗ್ಲಾಸನ್ನೇ ಒಮ್ಮೆ ಮೂಸಿ ನೋಡಿ.

ಬಾಟಲಿಗಳನ್ನು ಒಂದು ಗಂಟೆ ಮೊದಲು ತೆರೆಯಿರಿ. ತೆರೆದ ಕೂಡಲೇ ಒಂದು ಗುಟುಕು ಬಗ್ಗಿಸಿ ಮೂಸಿ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆ ಕೆಟ್ಟಿದೆ ಎಂದರ್ಥ, ಆ ಬಾಟಲಿ ಪಂದ್ಯದಿಂದ ಹೊರಗೆ. ಎಷ್ಟು ಹೊತ್ತು ಗಾಳಿಗೆ ಬಿಟ್ಟರೂ ಅದು ಹೋಗುವುದಿಲ್ಲ. ಸುಟ್ಟ ರಬ್ಬರು, ಗೀರಿದ ಬೆಂಕಿಕಡ್ಡಿ, ಬೇಯಿಸಿದ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ. ಸಿರಾ ಇದಕ್ಕೆ ಹೆಸರುವಾಸಿ. ಗಾಳಿ ಸಾಲದೆ ಗಂಧಕದ ವಾಸನೆ ಕಟ್ಟಿಕೊಂಡಿರುತ್ತದೆ. ಅಗಲ ಬಾಯಿಯ ಜಗ್ಗಿಗೆ ಸುರಿದು ಗಂಟೆ ಹೊತ್ತು ಬಿಟ್ಟರೆ ಬಹಳ ಸಲ ತಿಳಿಯಾಗುತ್ತದೆ. ಒಂದನ್ನು ಜಗ್ಗಿಗೆ ಸುರಿದರೆ ಎಲ್ಲವನ್ನೂ ಸುರಿಯಿರಿ. ತೀರಾ ಹಳೆಯ ಬಾಟಲಿ ಇದ್ದರೆ ಮಾತ್ರ ಈ ನಿಯಮ ಬೇಡ, ಅದು ಗಾಳಿಗೆ ಬೇಗ ಸೋಲುತ್ತದೆ.

ಇನ್ನು ಮುಸುಕು. ಪ್ರತಿ ಬಾಟಲಿಗೂ ಕಾಗದದ ಚೀಲ ಹಾಕಿ ಮೇಲೆ ಸಂಖ್ಯೆ ಬರೆಯಿರಿ. ಚೀಲ ಹಾಕಿದವರು ಒಬ್ಬರು, ಸಂಖ್ಯೆ ಬರೆದವರು ಇನ್ನೊಬ್ಬರು ಆದರೆ ಇಬ್ಬರಿಗೂ ಪೂರ್ತಿ ಗೊತ್ತಿರುವುದಿಲ್ಲ. ಎರ್ಮಿತಾಜ್ ಎಂದು ಓದಿದ ನಾಲಿಗೆ ಎರ್ಮಿತಾಜ್ ರುಚಿಯನ್ನೇ ಹುಡುಕುತ್ತದೆ, ಅಲ್ವಾ? ಮುಸುಕಿಲ್ಲದ ಹೋಲಿಕೆಯಲ್ಲಿ ಗೆಲ್ಲುವುದು ಯಾವಾಗಲೂ ದುಬಾರಿ ಲೇಬಲ್ಲೇ.

ಹಂತ 4: ಬಗ್ಗಿಸುವುದು, ನೋಡುವುದು

ಒಬ್ಬೊಬ್ಬರಿಗೆ ಪ್ರತಿ ವೈನ್ 50 ಮಿಲಿಲೀಟರ್ ಸಾಕು. 750 ಮಿಲಿಲೀಟರ್ ಬಾಟಲಿಯಲ್ಲಿ ಅಂಥ 15 ಪಾಲು ಬರುತ್ತದೆ. ಲೆಕ್ಕ ಹಾಕಿ ನೋಡಿ, ಐದು ವೈನ್ ನುಂಗಿದರೆ ಮೂರನೇ ಒಂದು ಬಾಟಲಿ ಒಬ್ಬರ ಹೊಟ್ಟೆಗೆ ಇಳಿಯಿತು. ಹಾಗಾಗಿ ಉಗುಳಲು ಪಾತ್ರೆ ಇಡಿ, ಸಂಕೋಚ ಬಿಡಿ. ತೋಟಗಳಲ್ಲಿ ವೈನ್ ಮಾಡುವವರೇ ದಿನವಿಡೀ ಉಗುಳುತ್ತಾರೆ. ನುಂಗಿದವರು ಗಾಡಿ ಓಡಿಸಬಾರದು.

ಐದೂ ಗ್ಲಾಸು ಒಟ್ಟಿಗೇ ಮುಂದೆ ಇರಲಿ. ಒಂದು ಮುಗಿಸಿ ಇನ್ನೊಂದು ಬಗ್ಗಿಸಿದರೆ ನೀವು ಹೋಲಿಸುವುದು ನೆನಪನ್ನು, ವೈನನ್ನಲ್ಲ.

ಬಣ್ಣಕ್ಕೆ ಅರ್ಧ ನಿಮಿಷ ಕೊಡಿ. ಬಿಳಿ ಕಾಗದದ ಮೇಲೆ ಗ್ಲಾಸು ವಾಲಿಸಿ ಅಂಚು ನೋಡಿ. ಎಳೆಯ ಸಿರಾ ಅಂಚಿನಲ್ಲಿ ನೇರಳೆ, ವಯಸ್ಸಾದಂತೆ ಇಟ್ಟಿಗೆ ಬಣ್ಣ. ವಿಯೋನಿಯೇ ಸೇರಿದ ಕೋತ್-ರೋತಿ ತೆಳ್ಳಗಿರುತ್ತದೆ ಎಂದು ಊಹಿಸಬೇಡಿ, ಬಿಳಿ ದ್ರಾಕ್ಷಿ ಸ್ವಲ್ಪ ಸೇರಿದ ಮಾತ್ರಕ್ಕೆ ಬಣ್ಣ ಇಳಿಯುವುದಿಲ್ಲ. ಬಣ್ಣದಿಂದ ವಲಯ ಹೇಳಲು ಹೊರಟವರು ಬೇಗ ಎಡವುತ್ತಾರೆ.

ಹಂತ 5: ಮೂಸಿ, ಆದರೆ ಯಾರ ಗುರುತು ಎಂದು ಕೇಳಿಕೊಳ್ಳಿ

ಮೊದಲು ಗ್ಲಾಸು ಅಲ್ಲಾಡಿಸದೆ ಮೂಸಿ. ಆಮೇಲೆ ತಿರುಗಿಸಿ ಮೂಸಿ. ಐದನ್ನೂ ಒಂದು ಸುತ್ತು ಬೇಗ ಬೇಗ ಮುಗಿಸಿ, ಬಾಯಿಗೆ ಇನ್ನೂ ಹಾಕಬೇಡಿ. ಪ್ರತಿಯೊಂದಕ್ಕೂ ಎರಡು ಮೂರು ಪದ ಬರೆದರೆ ಸಾಕು. ಪದ ಸಿಗದಿದ್ದರೆ ಹಣ್ಣು ಜಾಸ್ತಿಯೋ, ಹೂವು ಜಾಸ್ತಿಯೋ, ಹೊಗೆ ಜಾಸ್ತಿಯೋ ಎಂದಷ್ಟೇ ಬರೆಯಿರಿ.

ಈಗ ಒಂದೊಂದು ವಾಸನೆಗೂ ಯಾರು ಕಾರಣ ಎಂದು ಯೋಚಿಸಿ.

ಕಾಳುಮೆಣಸು. ಇದು ಬರುವುದು ರೊಟಂಡೋನ್ ಎಂಬ ವಸ್ತುವಿನಿಂದ. ನಿಜವಾದ ಕಾಳುಮೆಣಸಿನಲ್ಲಿರುವುದೂ ಇದೇ. ಆಸ್ಟ್ರೇಲಿಯದ ವೈನ್ ಸಂಶೋಧಕರು ಸಿರಾದಲ್ಲಿ ಇದನ್ನು ಗುರುತಿಸಿ 2008ರಲ್ಲಿ ಪ್ರಕಟಿಸಿದರು. ಒಂದು ಲೀಟರ್ ಕೆಂಪು ವೈನಲ್ಲಿ 16 ನ್ಯಾನೋಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ತಮಾಷೆ ಏನೆಂದರೆ ಆ ಪರೀಕ್ಷೆಯಲ್ಲಿ ಐದರಲ್ಲಿ ಒಬ್ಬರಿಗೆ ಎಷ್ಟು ಹಾಕಿದರೂ ಅದರ ವಾಸನೆಯೇ ಬರಲಿಲ್ಲ. ಹಾಗಾಗಿ ಪಕ್ಕದವರಿಗೆ ಮೆಣಸು ಸಿಕ್ಕಿ ನಿಮಗೆ ಸಿಗದಿದ್ದರೆ ಜಗಳ ಬೇಡ, ಇಬ್ಬರೂ ಸರಿ. ತಂಪು ವರ್ಷ, ತಂಪು ಜಾಗದಲ್ಲಿ ರೊಟಂಡೋನ್ ಜಾಸ್ತಿ. ಆದ್ದರಿಂದ ಮೆಣಸು ಮೊದಲು ಹೇಳುವುದು ಹವೆಯ ಬಗ್ಗೆ.

ಒಣಗಿದ ಎಲೆ, ಹಸಿ ಗಿಡಮೂಲಿಕೆ, ಟೀ ಸೊಪ್ಪಿನ ಹಾಗಿನ ವಾಸನೆ. ಗೊಂಚಲನ್ನು ತೊಟ್ಟು ಬಿಡಿಸದೆ ಇಡಿಯಾಗಿ ಹುಳಿಯಲು ಬಿಟ್ಟಾಗ ಬರುತ್ತದೆ. ಇದು ಮಾಡಿದವರ ನಿರ್ಧಾರ. ಕೋತ್-ರೋತಿಯಲ್ಲಿ, ಕೊರ್ನಾಸ್‌ನಲ್ಲಿ ಹಳೆಯ ಪದ್ಧತಿಯವರು ಹೀಗೇ ಮಾಡುತ್ತಾರೆ. ಪಕ್ಕದ ತೋಟದವರೇ ತೊಟ್ಟು ಪೂರ್ತಿ ತೆಗೆಯುವುದೂ ಉಂಟು.

ವನಿಲಾ, ಸುಟ್ಟ ಬ್ರೆಡ್ಡು, ಕಾಫಿ. ಹೊಸ ಓಕ್ ಪೀಪಾಯಿಯ ಗುರುತು. ಗೀಗಾಲ್ ಸಂಸ್ಥೆಯ ಲಾ ಮೂಲೀನ್, ಲಾ ಲಾಂದೋನ್, ಲಾ ತ್ಯುರ್ಕ್ ಎಂಬ ಮೂರು ಕೋತ್-ರೋತಿಗಳು ಹೊಸ ಓಕ್‌ನಲ್ಲಿ ಸುಮಾರು 42 ತಿಂಗಳು ಇರುತ್ತವೆ. ಎಳೆಯದಿದ್ದಾಗ ಮರದ ವಾಸನೆಯೇ ಮುಂದೆ ಬಂದು ನಿಲ್ಲುತ್ತದೆ. 500 ಅಥವಾ 600 ಲೀಟರಿನ ಹಳೆಯ ಪೀಪಾಯಿಯಲ್ಲಿಟ್ಟ ವೈನಲ್ಲಿ ಇದು ಹೆಚ್ಚೂಕಡಿಮೆ ಕಾಣುವುದೇ ಇಲ್ಲ.

ದನದ ಕೊಟ್ಟಿಗೆ, ಬ್ಯಾಂಡೇಜು. ಬ್ರೆಟ್ ಎಂಬ ಯೀಸ್ಟಿನ ಕೆಲಸ. ಒಂಚೂರು ಇದ್ದರೆ ಕೆಲವರಿಗೆ ಇಷ್ಟ, ಹಳೆಯ ಕಾಲದ ರೋನ್ ಹೀಗೇ ಇತ್ತು ಎನ್ನುತ್ತಾರೆ. ಜಾಸ್ತಿಯಾದರೆ ಗುಡ್ಡವೂ ಇಲ್ಲ, ಹಣ್ಣೂ ಇಲ್ಲ. ಅದನ್ನು ಊರಿನ ಗುಣ ಎಂದು ಹೊಗಳುವುದನ್ನು ನಾನು ಒಪ್ಪುವುದಿಲ್ಲ.

ಏಪ್ರಿಕಾಟ್, ಬಿಳಿ ಹೂವಿನ ಪರಿಮಳ ಮೇಲೆ ತೇಲಿ ಬಂದರೆ ವಿಯೋನಿಯೇ ಇರಬಹುದು, ಅಂದರೆ ಕೋತ್-ರೋತಿ ಇರಬಹುದು. ಬೇರೆ ಮೂರು ವಲಯಗಳಲ್ಲಿ ಸೇರಿಸಬಹುದಾದ ಬಿಳಿ ದ್ರಾಕ್ಷಿ ಮಾರ್ಸಾನ್ ಮತ್ತು ರೂಸಾನ್. ಎರ್ಮಿತಾಜ್, ಕ್ರೋಜ್‌ನಲ್ಲಿ ಶೇ 15, ಸ್ಯಾಂ-ಜೋಸೆಫ್‌ನಲ್ಲಿ ಶೇ 10ರವರೆಗೆ. ಅವುಗಳ ಪರಿಮಳ ಹೀಗೆ ಎದ್ದು ಕಾಣುವುದಿಲ್ಲ. ಮೂಗಿನಿಂದ ವಲಯ ಹಿಡಿಯಲು ಸಿಗುವ ನಂಬಬಹುದಾದ ಸುಳಿವು ಹೆಚ್ಚುಕಡಿಮೆ ಇದೊಂದೇ.

ಹಂತ 6: ಬಾಯಿಗೆ ಹಾಕಿ, ಒಗರನ್ನು ಹಿಂಬಾಲಿಸಿ

ಒಂದು ಚಮಚದಷ್ಟು ಬಾಯಿಗೆ ತೆಗೆದುಕೊಳ್ಳಿ. ನಿಧಾನವಾಗಿ ಮುಕ್ಕಳಿಸಿ, ಒಸಡಿಗೆಲ್ಲ ತಾಗಲಿ. ಹತ್ತು ಸೆಕೆಂಡ್ ಆದ ಮೇಲೆ ಉಗುಳಿ. ಈಗ ಸುಮ್ನೆ ಕೂತು ಬಾಯಿಯ ಒಳಗೆ ಏನಾಗುತ್ತಿದೆ ಎಂದು ಗಮನಿಸಿ. ನಿಜವಾದ ಕೆಲಸ ಶುರುವಾಗುವುದು ಉಗುಳಿದ ಮೇಲೆ.

ಜೊಲ್ಲು ಸುರಿಯುತ್ತಿದ್ದರೆ ಅದು ಹುಳಿ. ಗಂಟಲು ಬೆಚ್ಚಗಾದರೆ ಆಲ್ಕೋಹಾಲ್. ಬಾಯಿ ಒಣಗಿ ಬಿಗಿದರೆ ಒಗರು, ಅಂದರೆ ಟ್ಯಾನಿನ್. ಜೊಲ್ಲಿನಲ್ಲಿ ಬಾಯನ್ನು ನುಣುಪಾಗಿ ಇಡುವ ಪ್ರೊಟೀನುಗಳಿರುತ್ತವೆ. ಟ್ಯಾನಿನ್ ಅವುಗಳಿಗೆ ಅಂಟಿಕೊಂಡಾಗ ನುಣುಪು ಹೋಗಿ ಉಜ್ಜಿದ ಹಾಗೆ ಆಗುತ್ತದೆ.

ಒಗರಿನ ಬಗ್ಗೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಎಲ್ಲಿ ಹಿಡಿಯುತ್ತದೆ, ಮುಂದಿನ ಒಸಡಿಗೋ, ಕೆನ್ನೆಯ ಒಳಬದಿಗೋ, ನಾಲಿಗೆಯ ಹಿಂದಕ್ಕೋ? ಯಾವಾಗ ಹಿಡಿಯುತ್ತದೆ, ಬಾಯಿಗೆ ಹಾಕಿದ ಕೂಡಲೇ ಅಥವಾ ಉಗುಳಿದ ಮೇಲೆ? ಹೇಗಿದೆ, ನುಣ್ಣಗೋ ತರಿತರಿಯೋ? ಮೂರನೆಯದಕ್ಕೆ ಬಟ್ಟೆ ಅಂಗಡಿಯಲ್ಲಿ ಬೆರಳಿಂದ ಬಟ್ಟೆ ಉಜ್ಜಿ ನೋಡುವ ಹಾಗೆ ನಾಲಿಗೆಯನ್ನು ಅಂಗುಳಕ್ಕೆ ಉಜ್ಜಿ ನೋಡಿ.

ಒಂದೇ ಕೈಯಿಂದ ಬಂದ ಐದು ವೈನ್ ಇದ್ದಾಗ ನಾನು ಹುಡುಕುವುದು ಹೀಗೆ. ಕೋತ್-ರೋತಿಯ ಒಗರು ಸಣ್ಣ ಕಣದ್ದು, ತಡವಾಗಿ ಬರುತ್ತದೆ, ವೈನ್ ಉದ್ದಕ್ಕೆ ಹರಿದ ಹಾಗೆ ಅನ್ನಿಸುತ್ತದೆ. ಕೊರ್ನಾಸ್ ಬೇಗ ಹಿಡಿಯುತ್ತದೆ, ಒಸಡಿಗೆ ಹಿಡಿಯುತ್ತದೆ, ತರಿತರಿ. ಈಗ ಹಲವರು ಮೃದುವಾಗಿ ಮಾಡುತ್ತಾರೆ, ಆದರೂ ಒಳಗೆ ಆ ಗಡಸು ಇದ್ದೇ ಇರುತ್ತದೆ. ಎರ್ಮಿತಾಜ್‌ನಲ್ಲಿ ಒಗರಿನ ಪ್ರಮಾಣ ಕೊರ್ನಾಸ್‌ನಷ್ಟೇ ಇರಬಹುದು. ಆದರೆ ಅದು ಒಂದೇ ಜಾಗದಲ್ಲಿ ಕಚ್ಚುವುದಿಲ್ಲ, ಇಡೀ ಬಾಯಿ ತುಂಬುತ್ತದೆ, ಉಗುಳಿ ಒಂದು ನಿಮಿಷ ಆದರೂ ರುಚಿ ಹೋಗುವುದಿಲ್ಲ. ಎಳೆಯ ಎರ್ಮಿತಾಜ್ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ, ರುಚಿ ಬಾಯಲ್ಲಿ ನಿಲ್ಲುವ ಹೊತ್ತೊಂದೇ ಅದರ ಗುಟ್ಟು ಬಿಟ್ಟುಕೊಡುತ್ತದೆ. ಸ್ಯಾಂ-ಜೋಸೆಫ್ ತೂರ್ನೋಂ, ಮೋವ್ ಕಡೆಯದಾದರೆ ಹುಳಿ ಮುಂದೆ, ಒಗರು ಹಿಂದೆ. ಶಾಸಿ ಬಯಲಿನ ಕ್ರೋಜ್‌ನಲ್ಲಿ ಹಣ್ಣು ಮೊದಲು ಬಂದು ಒಗರು ಬೇಗ ಕರಗುತ್ತದೆ.

ಇದನ್ನು ಕಾನೂನಿನ ಹಾಗೆ ಹಿಡಿಯಬೇಡಿ. ತೊಟ್ಟು ಸೇರಿದ್ದರೆ, ಹೊಸ ಮರ ಇದ್ದರೆ ಅವುಗಳ ಒಗರೂ ಸೇರಿರುತ್ತದೆ. ತೊಟ್ಟಿನದು ಸ್ವಲ್ಪ ಹಸಿ, ಮರದ್ದು ನಾಲಿಗೆ ನಡುವೆ ಒಣಗಿಸುತ್ತದೆ. ಅದಕ್ಕೇ ಹಂತ 2ರಲ್ಲಿ ಕೈಯನ್ನು ಒಂದೇ ಇಡಿ ಎಂದದ್ದು.

ಒಗರು ಗುಟುಕಿನಿಂದ ಗುಟುಕಿಗೆ ಕೂಡುತ್ತಾ ಹೋಗುತ್ತದೆ. ಮೂರನೇ ವೈನ್ ಒರಟಾಗಿ ಕಂಡರೆ ತಪ್ಪು ಅದರದ್ದೇ ಆಗಬೇಕಿಲ್ಲ, ಮೊದಲ ಎರಡರದ್ದೂ ಇರಬಹುದು. ನಡುವೆ ಒಂದೆರಡು ನಿಮಿಷ ಬಿಡಿ. ನೀರು ಕುಡಿಯಿರಿ, ಉಪ್ಪು ಖಾರ ಇಲ್ಲದ ಬ್ರೆಡ್ಡು ಕಡಿಯಿರಿ. ಚೀಸ್ ಬೇಡ, ಅದು ಒಗರನ್ನು ಮುಚ್ಚಿಹಾಕುತ್ತದೆ. ಎರಡನೇ ಸುತ್ತನ್ನು ಹಿಂದುಮುಂದಾಗಿ ಮಾಡಿ, ಐದರಿಂದ ಒಂದಕ್ಕೆ. ಎರಡೂ ಸುತ್ತಿನ ಟಿಪ್ಪಣಿ ಹೊಂದಿದರೆ ಮಾತ್ರ ನಂಬಿ.

ಹಂತ 7: ಜೋಡಿ ಮಾಡಿ, ಊಹಿಸಿ

ಐದಕ್ಕೆ ಅಂಕ ಕೊಡುವ ಬದಲು ಎರಡೆರಡನ್ನು ಹೋಲಿಸಿ. ಇವೆರಡರಲ್ಲಿ ಒಗರು ಯಾವುದರದ್ದು ಒರಟು? ಹುಳಿ ಯಾವುದರದ್ದು ಚುರುಕು? ಯಾವುದು ಬಾಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ? 100ಕ್ಕೆ 92 ಎಂದು ಬರೆಯುವುದಕ್ಕಿಂತ ಇದಕ್ಕೆ ಉತ್ತರಿಸುವುದು ಸುಲಭ, ನಾಳೆ ಓದಿದರೂ ಅರ್ಥ ಇರುತ್ತದೆ. ಯಾವುದು ಇಷ್ಟ ಎಂಬುದನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಇಷ್ಟ ಬೇರೆ, ಗುರುತು ಬೇರೆ.

ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಬಾಯಿ ಬಿಡಬಾರದು. ಒಬ್ಬರು ಆಲಿವ್ ಎಂದರೆ ಸಾಕು, ಮೇಜಿನ ಸುತ್ತ ಎಲ್ಲರಿಗೂ ಆಲಿವ್ ಸಿಗಲು ಶುರುವಾಗುತ್ತದೆ.

ಎರಡು ವೈನ್ ನಡುವೆ ನಿಜಕ್ಕೂ ವ್ಯತ್ಯಾಸ ಕಾಣುತ್ತಿದೆಯೋ, ಸುಮ್ನೆ ಅನ್ನಿಸುತ್ತಿದೆಯೋ ಎಂಬ ಅನುಮಾನ ಬಂದರೆ ಮೂರು ಗ್ಲಾಸಿನ ಪರೀಕ್ಷೆ ಮಾಡಿ. ಇನ್ನೊಬ್ಬರು ಎರಡು ಗ್ಲಾಸಿಗೆ ಒಂದು ವೈನ್, ಮೂರನೆಯದಕ್ಕೆ ಇನ್ನೊಂದು ಬಗ್ಗಿಸಿ ಕೊಡಲಿ. ಬೇರೆಯದು ಯಾವುದು ಎಂದು ನೀವು ಹೇಳಬೇಕು. ಕಣ್ಣು ಮುಚ್ಚಿ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಆದ್ದರಿಂದ 6 ಸಲ ಮಾಡಿ. ಬರೀ ಊಹೆಯಿಂದ 4 ಅಥವಾ ಅದಕ್ಕಿಂತ ಜಾಸ್ತಿ ಸರಿಯಾಗುವ ಸಾಧ್ಯತೆ ಶೇ 10ರಷ್ಟು. 5 ಅಥವಾ 6 ಸರಿಯಾಗುವುದು ಶೇ 2ಕ್ಕೂ ಕಡಿಮೆ. 5 ಸಲ ಹಿಡಿದರೆ ನಿಮ್ಮ ನಾಲಿಗೆ ಸುಳ್ಳು ಹೇಳುತ್ತಿಲ್ಲ.

ಚೀಲ ತೆಗೆಯುವ ಮೊದಲು ಪ್ರತಿ ಸಂಖ್ಯೆಯ ಎದುರು ವಲಯದ ಹೆಸರು ಊಹಿಸಿ ಬರೆಯಿರಿ, ಕಾರಣದ ಜೊತೆ. ಕಾರಣ ಬರೆಯದ ಊಹೆ ಸರಿಯಾದರೂ ಉಪಯೋಗವಿಲ್ಲ. ಚೀಲ ತೆಗೆದ ಮೇಲೆ ತಪ್ಪಿದ್ದನ್ನು ಮತ್ತೊಮ್ಮೆ ರುಚಿ ನೋಡಿ. ಹೆಚ್ಚಿನವರು ತಪ್ಪುವುದು ಒಳ್ಳೆಯ ಸ್ಯಾಂ-ಜೋಸೆಫ್ ಮತ್ತು ಕೋತ್-ರೋತಿ ನಡುವೆ, ಕೊರ್ನಾಸ್ ಮತ್ತು ಎರ್ಮಿತಾಜ್ ನಡುವೆ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ತೂರ್ನೋಂ ಬಳಿಯ ಸ್ಯಾಂ-ಜೋಸೆಫ್ ಗುಡ್ಡ ಮತ್ತು ಎರ್ಮಿತಾಜ್‌ನ ಬೆಸ್ಸಾರ್ ನದಿಯ ಆಚೆ ಈಚೆ ನಿಂತಿವೆ, ಎರಡರದ್ದೂ ಗ್ರಾನೈಟ್.

ಹಂತ 8: ಮಾರನೆಯ ದಿನ

ಉಳಿದ ವೈನನ್ನು ಚೆಲ್ಲಬೇಡಿ. ಬಿರಡೆ ಒತ್ತಿ ಫ್ರಿಜ್‌ನಲ್ಲಿಡಿ, ಮಾರನೆಯ ಸಂಜೆ ಅದೇ ಬಿಸಿಗೆ ತಂದು ಮತ್ತೆ ನೋಡಿ. ಬಯಲಿನ ಕ್ರೋಜ್ ಸ್ವಲ್ಪ ಸೋತಿರಬಹುದು. ನಿನ್ನೆ ಮುಚ್ಚಿಕೊಂಡಿದ್ದ ಎರ್ಮಿತಾಜ್ ಇವತ್ತು ಮಾತಾಡಲು ಶುರುಮಾಡಿರುತ್ತದೆ. ಮರದ ವಾಸನೆ ಹಿಂದೆ ಸರಿದಿದೆಯಾ, ಗಂಧಕದ ವಾಸನೆ ಪೂರ್ತಿ ಹೋಗಿದೆಯಾ ಎಂದು ನೋಡಿ. ಗಾಳಿಗೆ ಹೋಗಿದ್ದು ಮೊದಲಿಂದಲೂ ಗುಡ್ಡದ್ದಲ್ಲ. ಎಳೆಯ ಬಾಟಲಿ ಇನ್ನೆಷ್ಟು ವರ್ಷ ಇಡಬಹುದು ಎಂದು ಅಂದಾಜಿಸಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿಲ್ಲ.

ಮುಂದಿನ ಸುತ್ತಿಗೆ ಸಾಲು ಚಿಕ್ಕದು ಮಾಡಿ. ಜೆರ್ವಾನ್ ಕಡೆಯ ಗ್ರಾನೈಟ್ ಕ್ರೋಜ್ ಒಂದು, ಶಾಸಿ ಬಯಲಿನ ಕ್ರೋಜ್ ಒಂದು, ಒಂದೇ ವರ್ಷದ್ದು. ಎರಡೇ ಬಾಟಲಿ, ಖರ್ಚು ಕಮ್ಮಿ. ಮೂರನೆಯದು ಬೇಕೆಂದರೆ ವಿಯೆನ್ ಪಕ್ಕದ ಸೆಸ್ಯುಯೆಲ್ ಗುಡ್ಡದ ಸಿರಾ ಸೇರಿಸಿ. ಅದು ಐದು ವಲಯಗಳ ಹೊರಗಿದೆ, ಲೇಬಲ್ ಮೇಲೆ ಕೊಲೀನ್ ರೋದಾನಿಯೆನ್ ಎಂಬ ದೊಡ್ಡ ಪ್ರದೇಶದ ಹೆಸರಷ್ಟೇ ಇರುತ್ತದೆ. ನೆಲ ಮಾತ್ರ ಶಿಸ್ಟ್, ಕೋತ್-ರೋತಿಯ ಎದುರು ದಡ. ಅದನ್ನೂ ಚೀಲ ಹಾಕಿಯೇ ಇಡಿ.